ಬೋಲ್ಟಿನ ಗುಳಿಗೆ ವಿಭೂತಿ

ತಲೆ ಸವೆದ ಬೋಲ್ಟು ಬಿಚ್ಚುವುದಕ್ಕೆ ನನ್ನನ್ನು ಯಾರೂ ಮೊದಲೇ ಕರೆಯುವುದಿಲ್ಲ. ಮೊದಲು ಮನೆಯವನೇ ಒಂದು ಕೈ ನೋಡುತ್ತಾನೆ. ಆಮೇಲೆ ಅವನ ಭಾವಮೈದ ಬರುತ್ತಾನೆ. ಆಮೇಲೆ ಟ್ರ್ಯಾಕ್ಟರ್ ಗ್ಯಾರೇಜಿನ ಯಾವನೋ ಬಂದು ಕೀಗೆ ಉದ್ದದ ಪೈಪು ಸಿಕ್ಕಿಸಿ, ಅದಕ್ಕೆ ನೇತಾಡಿ, ಇದ್ದಬದ್ದ ಮೂಲೆಯನ್ನೆಲ್ಲ ನುಣ್ಣಗೆ ಮಾಡಿ ಹೋಗುತ್ತಾನೆ. ಎಲ್ಲರೂ ಸೇರಿ ಹಾಳುಗೆಡವಿದ ಮೇಲೆ ತಾಳವಾಡಿ ಬಸ್ ಸ್ಟ್ಯಾಂಡಿನ ಹಿಂದಿರುವ ನನ್ನ ಶೆಡ್ಡಿಗೆ ಬಂದು, "ರಾಚಣ್ಣ, ಒಂದು ಸಣ್ಣ ಕೆಲಸ" ಅನ್ನುತ್ತಾರೆ. ಸಣ್ಣ ಕೆಲಸ ಅಂದ ತಕ್ಷಣ ನನಗೆ ಮೈ ಉರಿಯುತ್ತದೆ.

ಸಂಗೀತ ಬಂದ ದಿನ ಮಾತ್ರ ನಾನು ಬೈಯಲಿಲ್ಲ. ಸಂಕ್ರಾಂತಿ ಆಗಷ್ಟೇ ಕಳೆದಿತ್ತು. ಹೊತ್ತು ಏರಿದ್ದರೂ ಮಂಜು ಬಿಟ್ಟಿರಲಿಲ್ಲ. ಹಾಸನೂರಿನ ಕಡೆಯಿಂದ ಬಂದ ಬಸ್ಸು ಇನ್ನೂ ದೀಪ ಹಾಕಿಕೊಂಡೇ ನಿಂತಿತ್ತು. ಅವಳು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಳು. ಒಳಗೆ ಬಾ ಅನ್ನುವವರೆಗೂ ಬರಲಿಲ್ಲ.

ಅವಳ ಗಂಡ ನಾಗೇಶ ನನ್ನ ಕೈಕೆಳಗೆ ಅರ ಹಿಡಿಯಲು ಕಲಿತವನು. ಕಲಿತ ಮೇಲೆ ನನ್ನ ಹತ್ತಿರವೇ ಇರು ಅಂದೆ, ಇರಲಿಲ್ಲ. ಕೊಯಮತ್ತೂರಿನ ಕಡೆ ಮುಚ್ಚಿಹೋದ ಯಾವುದೋ ವರ್ಕ್‌ಶಾಪಿನ ಕಬ್ಬಿಣ ಕಡೆಯುವ ಹಳೆಯ ಲೇತನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದು, ದೊಡ್ಡಗಾಜನೂರಿನಲ್ಲಿ ತನ್ನ ಮನೆಯ ಪಕ್ಕ ತಗಡಿನ ಶೆಡ್ಡು ಹಾಕಿ ಇಳಿಸಿದ. ಬೋರ್‌ವೆಲ್ ಮೋಟರಿನ ಶಾಫ್ಟು, ಕಬ್ಬಿನ ಗಾಣದ ರೋಲರು, ಟ್ರೈಲರಿನ ಬುಷ್ಷು, ಏನು ಕೆಟ್ಟರೂ ಅಲ್ಲಿಯವರೆಗೆ ಸತ್ಯಮಂಗಲಕ್ಕೋ ಚಾಮರಾಜನಗರಕ್ಕೋ ಹೊತ್ತುಕೊಂಡು ಹೋಗಬೇಕಿತ್ತು. ಆಮೇಲೆ ಎಲ್ಲ ನಾಗೇಶನ ಹತ್ತಿರ ಬಂತು. ಹೋದ ವರ್ಷಕ್ಕೆ ಹಿಂದಿನ ಮಳೆಗಾಲದಲ್ಲಿ, ಸತ್ಯಮಂಗಲದಿಂದ ಲೇತಿನ ಸಾಮಾನು ತರುವಾಗ, ದಿಂಬಂ ಘಾಟಿಯ ತಿರುವಿನಲ್ಲಿ ಅವನ ಬೈಕು ಜಾರಿ ಲಾರಿಯ ಕೆಳಗೆ ಹೋಯಿತು. ಸಂಗೀತ ಆಗ ತುಂಬಿದ ಬಸುರಿ. ತಿಥಿ ಕಾರ್ಯ ಮುಗಿದ ಮೇಲೆ ತವರಿನವರು ಬಂದು ಹೆರಿಗೆಗೆ ಕರೆದುಕೊಂಡು ಹೋದರು. ಕೂಸು ಎದ್ದು ಓಡಾಡುವ ಹೊತ್ತಿಗೆ ಈಗ ವಾಪಸು ಬಂದಿದ್ದಾಳೆ.

"ಮಾವ, ಲೇತು ತಿರುಗ್ತಾ ಇಲ್ಲ," ಅಂದಳು. "ಮ್ಯಾಲಿನ ಮುಚ್ಚಳ ತಗದು ನೋಡ್ಬೇಕು. ನಾಕು ಬೋಲ್ಟೂ ಬರ್ನಿಲ್ಲ."

"ನನ್ಗಿಂತ ಮೊದ್ಲು ಯಾರ್ನ ಕರಸ್ದೆ?"

ಅವಳು ತಲೆ ತಗ್ಗಿಸಿದಳು. "ಟ್ರ್ಯಾಕ್ಟರ್ ಗ್ಯಾರೇಜಿನ ಮಧುಕುಮಾರ್‌ನ."

"ಪೈಪು ಆಕುದ್ನ?"

"ಆಕುದ್ರು."

"ನೇತಾಡುದ್ನ?"

ಅವಳ ಮುಖದಲ್ಲಿ ನಗುವಿನ ಥರ ಏನೋ ಬಂದು ಹೋಯಿತು. "ನೇತಾಡುದ್ರು ಮಾವ."

ನಾನು ಮಧುಕುಮಾರನ ವಂಶವನ್ನು ಮನಸ್ಸಿನಲ್ಲೇ ವಿಚಾರಿಸಿಕೊಂಡು ಸುಮ್ಮನಾದೆ. ಕೂಸು ಮೇಜಿನ ಮೇಲಿದ್ದ ನಟ್ಟೊಂದನ್ನು ಹಿಡಿದು ಬಾಯಿಗಿಡಲು ಹೊರಟಿತ್ತು. ಸಂಗೀತ ಅದನ್ನು ಬಿಡಿಸಿ, ಒರೆಸಿ, ಇದ್ದ ಜಾಗದಲ್ಲೇ ಇಟ್ಟಳು. ಶೆಡ್ಡಿನಲ್ಲಿ ಬದುಕಿದವರಿಗೆ ಮಾತ್ರ ಬರುವ ಅಭ್ಯಾಸ ಅದು. ನಾಗೇಶ ಹೊರಗೆ ಹೋದಾಗ ಅವಳೇ ಲೇತಿನ ಮುಂದೆ ನಿಂತು ಶಾಫ್ಟು ಕಡೆಯುತ್ತಿದ್ದಳು. ಅವಳು ಕೊರೆದ ಥ್ರೆಡ್ಡು ಗಂಡನದ್ದಕ್ಕಿಂತ ಚೊಕ್ಕವಾಗಿರುತ್ತಿತ್ತು. ಹಾಗಂತ ನಾನು ಒಮ್ಮೆ ಅವನ ಎದುರಿಗೇ ಹೇಳಿ, ಅವನು ಮುನಿಸಿಕೊಂಡಿದ್ದೂ ಉಂಟು.

"ಸೋಮವಾರದಿಂದ ಅರಿಶಿನ ಕೀಳಾಕ ಬತ್ತಿನಿ ಅಂತ ಮೇಸ್ತ್ರಿಗ ಏಳಿವ್ನಿ," ಅಂದಳು. "ಲೇತು ತಿರುಗುದ್ರ ಓಗಂಗಿಲ್ಲ. ತಿರುಗ್ನಿಲ್ಲ ಅಂದ್ರ ಓಗ್ಲೇಬೇಕು. ನಂಗ ಕೂಲಿ ಅಂದ್ರ ನಾಚ್ಕ ಇಲ್ಲ ಮಾವ. ಆದ್ರ ಇನ್ನೂ ಮೊಲೆ ಬುಡದ ಈ ಕೂಸು ಕಂಡೋರ ಒಲದ ಬದೀಲಿ, ಸೀರೆ ಜೋಲೀಲಿ ಮಲಗಬಾರ್ದು. ನಾನೂ ಅಂಗೇ ಮಲಗಿದ್ದೋಳು. ಅವ್ರೂ ಅಂಗೇ ಮಲಗಿದ್ದೋರು."

ನಾನೂ ಹಾಗೇ ಮಲಗಿದ್ದವನು. ವೆಲ್ಡಿಂಗ್ ಸೆಟ್ಟನ್ನು ಗೂಡ್ಸ್ ಆಟೋಗೆ ಹಾಕಿಸಿ ಅವಳ ಜೊತೆಗೇ ಹೊರಟೆ.

ನಾಗೇಶನ ಅವ್ವ ಸಣ್ಣಮ್ಮಕ್ಕ ಶೆಡ್ಡಿನ ಮುಂದೆಯೇ ಕೂತಿದ್ದಳು. ಬೀಗದ ಕೈ ಅವಳ ಸೆರಗಿನ ಗಂಟಿನಲ್ಲಿತ್ತು. ಆಯಸ್ಸೆಲ್ಲ ಕಂಡವರ ಹೊಲದಲ್ಲಿ ಬಗ್ಗಿ ಬಗ್ಗಿ ಅವಳ ಸೊಂಟ ಈಗ ನೆಟ್ಟಗಾಗುವುದನ್ನೇ ಮರೆತಿದೆ. ಲೇತು ಲಾರಿಯಿಂದ ಇಳಿದ ದಿನ ಅವಳು ಅದಕ್ಕೆ ಆರತಿ ಎತ್ತಿ, ತೆಂಗಿನಕಾಯಿ ಒಡೆದು, ಸೇರಿದವರ ಎದುರಿಗೆಲ್ಲ, "ಇನ್ನ ನಮ್ಮನೆಯೋರು ಒಬ್ರ ಒಲದ ಬದೀಲೂ ನಿಂತ್ಕಳಂಗಿಲ್ಲ" ಅಂದಿದ್ದಳು. ಅವಳು ಕೂಲಿಗೆ ಹೋಗುತ್ತಿದ್ದ ಹೊಲದ ಒಡೆಯ ಮಹಾದೇವಪ್ಪನವರ ಮನೆಯ ಆಳು ಅಲ್ಲೇ ನಿಂತಿದ್ದ. ಅವನು ಕೇಳಿಸಿಕೊಂಡು ಹೋಗಿ ಹೇಳಲಿ ಅಂತಲೇ ಅವಳು ಗಟ್ಟಿಯಾಗಿ ಅಂದದ್ದು.

"ಬಾ ರಾಚಪ್ಪ," ಅಂದು ಸೊಂಟ ಹಿಡಿದುಕೊಂಡು ಎದ್ದಳು. "ನೋಡು ಬಾ, ಎಂಗೆ ಮಡಗಿವ್ನಿ ಅಂತ."

ಸತ್ತವರ ಮಿಷಿನುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೋಳಿ ಕಾವು ಕೂತಿರುತ್ತದೆ, ಒದ್ದೆ ಬಟ್ಟೆ ಒಣಗುತ್ತಿರುತ್ತದೆ, ಹಿಡಿಕೆಗಳನ್ನು ಯಾರೋ ಬಿಚ್ಚಿಕೊಂಡು ಹೋಗಿರುತ್ತಾರೆ. ಬಾಗಿಲು ತೆರೆದಾಗ ಅಂಥದ್ದೇನೂ ಇರಲಿಲ್ಲ. ನೆಲ ಸಾರಿಸಿ ರಂಗೋಲೆ ಇಟ್ಟಿದ್ದಳು. ಲೇತು ಬೆಳಗಿದ ದೀಪದ ಕಂಬದ ಹಾಗೆ ಫಳಫಳ ಅನ್ನುತ್ತಿತ್ತು. ಮೇಲೆ ಕಣಗಿಲೆ ಹೂವಿನ ಮಾಲೆ. ಪಕ್ಕದಲ್ಲಿ ಧೂಪದ ಬಟ್ಟಲು.

ಲೇತು ಹೊಳೆಯಬಾರದು. ಕೆಲಸ ಮಾಡುವ ಲೇತು ಕರ್ರಗೆ, ಜಿಡ್ಡುಜಿಡ್ಡಾಗಿ, ಮುಟ್ಟಿದರೆ ಕೈಗೆ ಅಂಟುವ ಹಾಗಿರಬೇಕು. ನಾನು ಅದರ ಮೈ ಸವರಿದೆ. ಬೆರಳಿಗೆ ಒಂದು ಹನಿ ಎಣ್ಣೆ ಹತ್ತಲಿಲ್ಲ.

"ವಾರವಾರ ನೀರು ಉಯ್ದು ತೊಳಿತಿನಿ ಕಣಪ್ಪ," ಸಣ್ಣಮ್ಮಕ್ಕ ಹಿಂದಿನಿಂದ ಹೇಳುತ್ತಿದ್ದಳು. "ಅಮಾಸೆ ಅಮಾಸೆಗ ಉಣಸೆಅಣ್ಣು ಬೂದಿ ಆಕಿ ಬೆಳಗ್ತಿನಿ. ಅದೇನು ಕರಿ ಜಿಡ್ಡು ಅಂತಿಯ, ನನ್ನ ಮಗ ಅಂಗೇ ಬುಟ್ಬುಟ್ಟು ಓಗಿದ್ದ. ಉಜ್ಜಿ ಉಜ್ಜಿ ಒಂದು ಚೂರೂ ಇಲ್ಲದಂಗ ತಗದಿವ್ನಿ. ದ್ಯಾವ್ರು ಕಣಪ್ಪ ಅದು. ಕೊಳಕು ಮಡಗ್ಬಾರ್ದು."

ಗೇರು ಪೆಟ್ಟಿಗೆಯ ಮೇಲಿನ ಮುಚ್ಚಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ಗುಳಿ. ಒಂದೊಂದು ಗುಳಿಯ ತಳದಲ್ಲಿ ಒಂದೊಂದು ಬೋಲ್ಟು ಕೂತಿರುತ್ತದೆ. ಅದರ ತಲೆಯಲ್ಲಿ ಆರು ಮೂಲೆಯ ತೂತು. ಅದಕ್ಕೆ ಸರಿಯಾದ ಅಲನ್ ಕೀ ಇಳಿಸಿ ತಿರುಗಿಸಬೇಕು. ತಲೆ ಹೊರಗಿದ್ದರೆ ಹೊರಗಿನಿಂದ ಹಿಡಿಯಬಹುದು. ಗುಳಿಯಲ್ಲಿ ಕೂತ ಬೋಲ್ಟಿಗೆ ಆ ಆರು ಮೂಲೆ ಬಿಟ್ಟರೆ ಬೇರೆ ಹಿಡಿತ ಇಲ್ಲ. ಆ ಗುಳಿಗಳಲ್ಲಿ ವಿಭೂತಿ ತುಂಬಿ, ಮೇಲೆ ಕುಂಕುಮದ ಬೊಟ್ಟು ಇಟ್ಟಿತ್ತು. ಮಧುಕುಮಾರ ಕೀ ಹಾಕಲು ಮೇಲಮೇಲೆ ಗೀರಿದ ಮೇಲೂ ಸಣ್ಣಮ್ಮಕ್ಕ ಮತ್ತೆ ತುಂಬಿದ್ದಳು.

ಆಯುಧ ಪೂಜೆಯ ದಿನ ನಾಗೇಶನೂ ಆ ಗುಳಿಗಳಿಗೆ ವಿಭೂತಿ ಇಡುತ್ತಿದ್ದ. ನಾನೂ ಇಡುತ್ತೇನೆ. ಮಾರನೇ ದಿನ ಬೆಳಿಗ್ಗೆ ಮೊದಲ ಕೆಲಸ ಅದನ್ನು ಕೆದಕಿ ತೆಗೆದು, ಒರೆಸಿ, ಎಣ್ಣೆ ಹಾಕುವುದು. ಮಗ ಇಡುವುದನ್ನು ಸಣ್ಣಮ್ಮಕ್ಕ ನೋಡಿದ್ದಳು. ಒರೆಸುವುದನ್ನು ನೋಡಿರಲಿಲ್ಲ. ಆ ಹೊತ್ತಿಗೆ ಅವಳು ಗುಡಿಗೆ ಹೋಗಿರುತ್ತಿದ್ದಳು.

ಯಾರನ್ನಾದರೂ ಹಿಡಿದು ಬೈಯಬೇಕು ಅನ್ನಿಸಿತು. ಬೈಯುವುದಕ್ಕೆ ಅಲ್ಲಿ ಯಾರಿದ್ದರು? ಸಂಗೀತ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೂ ಗೊತ್ತಾಗಿದೆ ಅನ್ನುವುದು ನನಗೆ ಗೊತ್ತಾಯಿತು. ಅವಳು ಕಣ್ಣಲ್ಲೇ ಬೇಡ ಅಂದಳು.

"ಟೀ ಕಾಯ್ಸಕ್ಕ," ಅಂದೆ ನಾನು. "ಗಂಟ್ಲು ಒಣಗದ."

ಗೋಣಿ ಹೊಲಿಯುವ ದಬ್ಬಳ ತರಿಸಿ ಗುಳಿ ಕೆದಕಲು ಕೂತೆ. ಮೇಲೆ ಮೆತ್ತಗಿದ್ದ ವಿಭೂತಿ ಒಳಗೊಳಗೆ ಹೋದ ಹಾಗೆ ಗಾರೆಯಾಗಿತ್ತು. ಒಂದು ಪದರ ಬಿಳಿ, ಒಂದು ಪದರ ಕೆಂಪು, ಮತ್ತೆ ಬಿಳಿ. ಕೊನೆಗೆ ಬಂದದ್ದು ಕುಂಕುಮವೋ ತುಕ್ಕೋ ಹೇಳಲಾಗದ ಕೆಂಪು ಪುಡಿ. ಅದನ್ನೆಲ್ಲ ಕಾಗದದ ಮೇಲೆ ಸುರಿದಿದ್ದೆ. ಸಣ್ಣಮ್ಮಕ್ಕ ಟೀ ತಂದವಳು ಆ ಕಾಗದವನ್ನು ಎತ್ತಿಕೊಂಡಳು. "ಬಿಸಾಕ್ಬ್ಯಾಡ ಕಣಪ್ಪ, ಕೂಸಿನ ಅಣೆಗ ಇಡ್ತಿನಿ," ಅಂದಳು. ಅದರಲ್ಲಿ ಅರ್ಧಕ್ಕರ್ಧ ತುಕ್ಕಿತ್ತು.

ಡೀಸೆಲ್ಲಿಗೆ ಗೇರ್ ಎಣ್ಣೆ ಬೆರೆಸಿ ನಾಲ್ಕು ಗುಳಿಗೂ ತುಂಬಿ, ಸುತ್ತಿಗೆಯಿಂದ ಬೋಲ್ಟಿನ ತಲೆಗೆ ಮೆತ್ತಗೆ ತಟ್ಟಿದೆ. ತಟ್ಟಿದರೆ ತುಕ್ಕು ಬಿರಿದು ಎಣ್ಣೆ ಒಳಗಿಳಿಯುತ್ತದೆ. ಜೋರಾಗಿ ಹೊಡೆದರೆ ಬೀಡು ಕಬ್ಬಿಣ ಸೀಳಿಹೋಗುತ್ತದೆ. ಜನ ಇದನ್ನು ಬಲದ ಕೆಲಸ ಅಂದುಕೊಂಡಿದ್ದಾರೆ. ನನ್ನ ಕೈ ನೋಡಿ, ಇದರಲ್ಲಿ ಬಲ ಎಲ್ಲಿದೆ? ಇದು ಕಾಯುವ ಕೆಲಸ. ನಾಳೆ ಬರ್ತೀನಿ ಅಂತ ಹೇಳಿ, "ಇವತ್ತೊಂದಿನ ಪೂಜೆ ಬ್ಯಾಡ ಕಣಕ್ಕ, ಎಣ್ಣೆ ಇಳೀಲಿ," ಅಂದು ಎದ್ದೆ.

"ಎಣ್ಣೆ ಉಯ್ದು ಮತ್ತೆ ಕೊಳಕು ಮಾಡ್ಬುಟ್ಟಲ್ಲ," ಅಂದಳು ಸಣ್ಣಮ್ಮಕ್ಕ. ಅವಳಿಗೆ ನಿಜವಾಗಿಯೂ ಬೇಜಾರಾಗಿತ್ತು.

ಮಾರನೇ ದಿನ ಮಂಜು ಇನ್ನೂ ದಟ್ಟವಾಗಿತ್ತು. ಶೆಡ್ಡಿನ ತಗಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸಂಗೀತ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ನಾಗೇಶನ ಹಳೆಯ ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಬಂದಳು. ತೋಳು ಉದ್ದವಾಗಿತ್ತು, ಮಡಿಸಿಕೊಂಡಳು. ಅದನ್ನು ನೋಡಿ ಸಣ್ಣಮ್ಮಕ್ಕ ಮುಖ ಆ ಕಡೆ ತಿರುಗಿಸಿದಳು. ನಾನು ಹತಾರದ ಚೀಲ ಬಿಚ್ಚಿದೆ.

ಮೊದಲ ಬೋಲ್ಟಿಗೆ ಒಂದಿಷ್ಟು ಮೂಲೆ ಉಳಿದಿತ್ತು. ಸ್ವಲ್ಪ ದಪ್ಪನೆಯ ನಕ್ಷತ್ರ ಮೂತಿಯ ಬಿಟ್ಟನ್ನು ತೂತಿಗಿಟ್ಟು ಬಡಿದು ಕೂರಿಸಿದೆ. ಉಳಿದ ಕಬ್ಬಿಣವನ್ನು ಅದು ಕಚ್ಚಿಕೊಂಡಿತು. ಹಿಡಿಕೆ ಹಾಕಿ ಸಂಗೀತಳ ಕೈಗೆ ಕೊಟ್ಟೆ. "ಬಿಚ್ಚೋ ಕಡೆ ಎಳೀಬ್ಯಾಡ. ಮೊದ್ಲು ವಸಿ ಬಿಗಿ ಮಾಡೋ ಕಡೆ ಒತ್ತು, ಆಮೇಲೆ ಇತ್ತಗ." ಅವಳು ಕಣ್ಣು ಮುಚ್ಚಿಕೊಂಡು ಒತ್ತಿದಳು. ಅತ್ತ ಒತ್ತಿ, ಇತ್ತ ಎಳೆದಳು. ಕಿರ್ರ್ ಅಂತ ಒಂದು ಸದ್ದು ಬಂತು. ಆ ಸದ್ದನ್ನು ಕೇಳಿದವರಿಗೇ ಗೊತ್ತು ಅದರ ಸುಖ. ಅವಳು ಕಣ್ಣು ಬಿಟ್ಟು, "ಬಂತು ಮಾವ," ಅಂದಳು. ಬಾಗಿಲಲ್ಲಿ ಕೂತಿದ್ದ ಸಣ್ಣಮ್ಮಕ್ಕ ಕೂಸಿನ ಎರಡು ಕೈ ಹಿಡಿದು ಲೇತಿಗೆ ಮುಗಿಸಿದಳು.

ಎರಡನೆಯದಕ್ಕೂ ಮೂರನೆಯದಕ್ಕೂ ಮೂಲೆಯೇ ಇರಲಿಲ್ಲ. ಮಧುಕುಮಾರ ಎರಡನ್ನೂ ಬಾವಿಯ ಹಾಗೆ ದುಂಡಗೆ ಮಾಡಿಟ್ಟಿದ್ದ. ಇಂಥದ್ದಕ್ಕೆ ಬೆಸುಗೆಯೇ ಮದ್ದು. ಆದರೆ ಗುಳಿಯೊಳಗೆ ಬೆಸುಗೆ ಹಾಕಿದರೆ ಬೋಲ್ಟು ಗುಳಿಯ ಗೋಡೆಗೇ ಅಂಟಿಕೊಳ್ಳುತ್ತದೆ. ಅದಕ್ಕೆ ತಾಮ್ರದ ಕೊಳವೆಯ ತುಂಡೊಂದನ್ನು ಗುಳಿಗೆ ಇಳಿಸಿದೆ. ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಆ ಕೊಳವೆಯೊಳಗೆ ಬೋಲ್ಟಿನ ತಲೆಯಿಂದ ಶುರುಮಾಡಿ ಬೆಸುಗೆಯನ್ನು ಸ್ವಲ್ಪಸ್ವಲ್ಪವೇ ಮೇಲಕ್ಕೆ ಏರಿಸಿಕೊಂಡು ಬಂದು, ಗುಳಿಯ ಬಾಯಿಗೆ ಬಂದ ಮೇಲೆ ಒಂದು ನಟ್ಟು ಕೂರಿಸಿ ಅದಕ್ಕೂ ಬೆಸೆದೆ. ನಡುವೆ ಎರಡು ಸಲ ಕರೆಂಟು ಹೋಯಿತು. ಇ.ಬಿ.ಯವರನ್ನು ನಾನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೆಂಪಗೆ ಕಾದ ಬೋಲ್ಟು ಆರುವ ತನಕ ಕಾದು, ನಟ್ಟಿಗೆ ಸ್ಪ್ಯಾನರ್ ಹಾಕಿದಾಗ ಎರಡೂ ಹಟ ಬಿಟ್ಟವು.

ನಾಲ್ಕನೆಯದು ಎಣ್ಣೆ ಹುಯ್ಯುವ ಬಾಯಿಯ ಪಕ್ಕದಲ್ಲಿತ್ತು. ಆ ಬಾಯಿಯ ಮುಚ್ಚಳ ನಾಗೇಶನಿದ್ದಾಗಲೇ ಕಳೆದುಹೋಗಿತ್ತು. ಹೊಸದು ತರುತ್ತೇನೆ ಅಂತ ಬಟ್ಟೆ ತುರುಕಿಟ್ಟಿದ್ದ. ಈ ಬೋಲ್ಟು ಬಿಟ್ಟಿಗೂ ಬರಲಿಲ್ಲ, ಬೆಸುಗೆಗೂ ಬರಲಿಲ್ಲ. ನಟ್ಟೇ ಕಿತ್ತುಕೊಂಡು ಬಂತು. ಕೊನೆಗೆ ತಲೆಯನ್ನೇ ಕೊರೆದು ತೆಗೆಯುವುದು ಅಂತಾಯಿತು. ತಲೆ ಹೋದರೆ ಮುಚ್ಚಳ ಮೇಲೆ ಬರುತ್ತದೆ. ಉಳಿದ ಮೋಟನ್ನು ಆಮೇಲೆ ಇಕ್ಕಳದಲ್ಲಿ ಹಿಡಿದು ತಿರುಗಿಸಬಹುದು. ಕೊರೆಯುವುದು ಓರೆಯಾದರೆ ಮಾತ್ರ ಮುಚ್ಚಳ ಹಾಳು. ನನ್ನ ಕಣ್ಣು ಈಗೀಗ ಮೊದಲಿನ ಹಾಗಿಲ್ಲ. "ನೀನೇ ಕೊರಿ," ಅಂದು ಸಂಗೀತಳಿಗೆ ಡ್ರಿಲ್ಲು ಕೊಟ್ಟೆ.

ಅವಳು ಎರಡೂ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನಿಂತಳು. ನಾಗೇಶ ನಿಲ್ಲುತ್ತಿದ್ದದ್ದೂ ಹಾಗೇ, ಅವನಿಗೆ ಹಾಗೆ ನಿಲ್ಲಲು ಕಲಿಸಿದ್ದು ನಾನು. ಕಬ್ಬಿಣದ ಪುಡಿ ಸುರುಳಿಸುರುಳಿಯಾಗಿ ಮೇಲೆ ಬಂತು. ನಾನು ಹನಿಹನಿ ಎಣ್ಣೆ ಬಿಡುತ್ತಿದ್ದೆ. ಅವಳು ಒಂದು ಕೂದಲೆಳೆ ಅತ್ತಿತ್ತ ಹೋಗಲಿಲ್ಲ. ಕೊನೆಗೆ ಟಕ್ ಅಂತ ಬೋಲ್ಟಿನ ತಲೆ ಕಳಚಿ, ಡ್ರಿಲ್ಲಿನ ಮೂತಿಯ ಜೊತೆಗೇ ತಿರುಗತೊಡಗಿತು.

"ಸೋಮವಾರ ಮೇಸ್ತ್ರಿಗ ಬರಕಿಲ್ಲ ಅಂತ ಏಳ್ಬುಡ್ತಿನಿ ಅತ್ತೆ," ಅಂದಳು ಸಂಗೀತ. ನಾಗೇಶ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏಳ್ಬುಡು ಮಗಳೇ," ಅಂದಳು ಸಣ್ಣಮ್ಮಕ್ಕ. ಕೂಸನ್ನು ಎತ್ತಿಕೊಂಡು ಬಿಸಿನೀರು ಕಾಯಿಸಲು ಒಳಗೆ ಹೋದಳು. ಎಲ್ಲರಿಗೂ ಊಟ ಹಾಕದೆ ಕಳಿಸುವುದಿಲ್ಲ ಅಂತ ಅಲ್ಲಿಂದಲೇ ಹೇಳುತ್ತಿದ್ದಳು.

ಮುಚ್ಚಳದ ಸಂದಿಗೆ ಉಳಿ ಕೊಟ್ಟು ಸಡಿಲಿಸಿ, ಇಬ್ಬರೂ ಎರಡು ಕಡೆ ಹಿಡಿದು ಎತ್ತಿ ಕೆಳಗಿಟ್ಟೆವು.

ಒಳಗೆ ಎಣ್ಣೆ ಇರಲಿಲ್ಲ. ಎಣ್ಣೆ ಇರಬೇಕಾದ ಕಡೆ ಕಾಫಿ ಬಣ್ಣದ ಕೆಸರಿತ್ತು. ಗೇರುಗಳ ಹಲ್ಲು ಹಲ್ಲಿಗೂ ತುಕ್ಕು ಹತ್ತಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬೇರಿಂಗಿನ ಗುಂಡುಗಳು ಪದರಪದರವಾಗಿ ಎದ್ದಿದ್ದವು. ನಾನು ಕೆಸರಿಗೆ ಕೈ ಹಾಕಿ ಮುಖ್ಯ ದಂಡವಾದ ಸ್ಪಿಂಡಲ್ಲಿನ ಮೈ ಸವರಿದೆ; ಉಗುರು ಹೋಗುವಷ್ಟು ಹಳ್ಳ ಬಿದ್ದಿತ್ತು. ವಾರವಾರ ಹುಯ್ದ ನೀರು ಆ ಬಟ್ಟೆ ತುರುಕಿದ ಬಾಯಿಯಿಂದ ಇಳಿದು, ವರ್ಷಕ್ಕೂ ಮೇಲೆ ಒಳಗೇ ನಿಂತಿತ್ತು. ನಾವು ಬೋಲ್ಟಿನ ಜೊತೆ ಇಷ್ಟೊಂದು ಗುದ್ದಾಡಿದ್ದು ಸತ್ತು ಎಷ್ಟೋ ಕಾಲವಾದದ್ದರ ಮುಖ ನೋಡಲು.

ಸಂಗೀತಳಿಗೆ ನಾನು ಏನೂ ಹೇಳಬೇಕಾಗಿರಲಿಲ್ಲ. ಅವಳು ಬಗ್ಗಿ ನೋಡಿದಳು. ನೋಡುತ್ತಲೇ ನಿಂತಳು. ಅವಳ ಕೈಯಲ್ಲಿ ಆ ಬೋಲ್ಟಿನ ತಲೆ ಇನ್ನೂ ಬಿಸಿಯಾಗಿತ್ತೋ ಏನೋ, ಅದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಿದ್ದಳು.

"ಮಾವ, ಏನಾರ ಮಾಡ್ಬೌದ?"

ಸುಳ್ಳು ಹೇಳಲು ನನಗೆ ಬರುತ್ತದೆ, ಗಿರಾಕಿಗಳಿಗೆ ದಿನವೂ ಹೇಳುತ್ತೇನೆ. ಇವಳಿಗೆ ಹೇಳಲು ಬರಲಿಲ್ಲ. "ಇಲ್ಲ ಕಣವ್ವ," ಅಂದೆ. "ಸ್ಪಿಂಡಲ್ ಓಗದ, ಗೇರು ಓಗವ. ಈ ಕಂಪ್ನಿ ಲೇತು ಈಗ ಯಾರೂ ಮಾಡ್ನಿಲ್ಲ, ಸಾಮಾನು ಎಲ್ಲೂ ಸಿಕ್ಕದಿಲ್ಲ. ಇದ್ನ ಸರಿ ಮಾಡೋದೂ ಒಂದೇ, ಬ್ಯಾರೆ ಲೇತು ತರೋದೂ ಒಂದೇ."

ಬೇರೆ ಲೇತು ತರುವ ಮಾತು ಆ ಮನೆಯಲ್ಲಿ ಆಡುವಂಥದ್ದಲ್ಲ ಅಂತ ನಾಲಿಗೆಯ ಮೇಲೆ ಬಂದ ಮೇಲೆ ಗೊತ್ತಾಯಿತು. "ನನ್ನ ಶೆಡ್ಡಿಗ ಬಾ," ಅಂದೆ. ಅವಳು ತಲೆಯಾಡಿಸಿದಳು. "ನಿಮ್ಮ ಶೆಡ್ಡಲ್ಲಿ ಲೇತಿಲ್ಲ. ನಿಮ್ಗೇ ಸರ್ಯಾಗಿ ಕೆಲ್ಸ ಇಲ್ಲ ಮಾವ." ಅವಳು ಅಂದದ್ದು ನಿಜ. ನನ್ನಲ್ಲಿ ಇರುವುದು ಒಂದು ಡ್ರಿಲ್ಲು, ಒಂದು ವೆಲ್ಡಿಂಗ್ ಸೆಟ್ಟು, ಒಂದು ಬಾಯಿ.

ಆಗ ಅವಳಿಗೆ ಕೆಸರಿನ ಮೇಲೆ ಏನೋ ಕಂಡಿತು. ಬೆರಳು ಹಾಕಿ ಎತ್ತಿದಳು. ಕಣಗಿಲೆಯ ಎಸಳು. ಒಂದಲ್ಲ, ನಾಲ್ಕಾರು, ಕೊಳೆತು ಕಂದಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ನೀರಿನ ಜೊತೆ ಬಟ್ಟೆಯ ಸಂದಿಯಿಂದ ಇಳಿದು ಬಂದದ್ದು. ಅಷ್ಟರಲ್ಲಿ ಸಣ್ಣಮ್ಮಕ್ಕ ಬಾಗಿಲಿಗೆ ಬಂದು, "ಎಂಗದಪ್ಪ?" ಅಂದಳು. ಸಂಗೀತ ಆ ಎಸಳುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಮುಷ್ಟಿಯನ್ನು ನಾಗೇಶನ ಅಂಗಿಯ ಜೇಬಿಗೆ ಇಳಿಸಿದಳು.

"ಮಂಜು ಕಣಕ್ಕ," ಅಂದೆ ನಾನು. ಈಗ ಸುಳ್ಳು ತಾನಾಗಿಯೇ ಬಂತು. "ಈ ಊರಿನ ಮಂಜು. ಮುಚ್ಚಿಟ್ಟ ಮಿಷಿನ್ನ ತ್ಯಾವ ತಿಂದಾಕ್ಬುಡ್ತದ. ಯಾರ್ದೂ ತಪ್ಪಿಲ್ಲ."

ಸಣ್ಣಮ್ಮಕ್ಕ ಹತ್ತಿರ ಬಂದಳು. ಒಳಗೆ ನೋಡಿದಳು. ಒಂದು ಬೆರಳಿನಲ್ಲಿ ಆ ಕೆಸರನ್ನು ತೆಗೆದು ಹೆಬ್ಬೆರಳಿಗೆ ತಿಕ್ಕಿ ನೋಡಿದಳು. ಸೊಸೆಯ ಮುಖ ನೋಡಿದಳು, ಜೇಬಿನಲ್ಲಿದ್ದ ಕೈ ನೋಡಿದಳು.

"ಮಂಜಾ," ಅಂದಳು. ಆಮೇಲೆ, "ಉಣ್ಣಾಕ ಬನ್ನಿ," ಅಂದು ಹೊರಟುಹೋದಳು.

ಸೋಮವಾರ ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ನಿಂತಿದ್ದಾಗ ಕೂಲಿಯವರ ಟೆಂಪೋ ಮಂಜಿನೊಳಗಿಂದ ಬಂತು. ಹಿಂದೆ ಹೆಂಗಸರು ತಲೆಗೆ ಟವೆಲ್ಲು ಸುತ್ತಿಕೊಂಡು ಒತ್ತಿಕೊಂಡು ನಿಂತಿದ್ದರು. ಸಂಗೀತ ತುದಿಯಲ್ಲಿದ್ದಳು. ಸೀರೆಯ ಮೇಲೆ ಅದೇ ಖಾಕಿ ಅಂಗಿ. ಕೂಸು ಕಂಕುಳಲ್ಲಿ ನಿದ್ದೆ ಮಾಡುತ್ತಿತ್ತು. ನನ್ನನ್ನು ನೋಡಿ ಅವಳು ತಲೆಯಾಡಿಸಿದಳು, ನಾನೂ ಆಡಿಸಿದೆ. ಟೀ ಅಂಗಡಿಯವನು ಏನೋ ಕೇಳಿದ. ಅವನಿಗೆ ಸುಮ್ಮಸುಮ್ಮನೆ ಬೈದುಬಿಟ್ಟೆ.

ತಾಮ್ರದ ಕೊಳವೆಯನ್ನು ನಾನು ಅಲ್ಲೇ ಮರೆತು ಬಂದಿದ್ದೆ. ಹೋಗಿ ತರಲು ಮನಸ್ಸಾಗಲಿಲ್ಲ. ಬೇರೆ ಕಡೆ ಅದೇ ಥರದ ಕೆಲಸ ಬಂದಾಗ ವಿಧಿಯಿಲ್ಲದೆ ಒಂದು ಸಂಜೆ ದೊಡ್ಡಗಾಜನೂರಿಗೆ ಹೋದೆ. ಅವತ್ತು ಅಮಾವಾಸ್ಯೆ ಅನ್ನುವುದು ಊರಿನ ಬಾಗಿಲುಗಳ ರಂಗೋಲೆ ನೋಡಿದಾಗಲೇ ನೆನಪಿಗೆ ಬಂದದ್ದು.

ಶೆಡ್ಡಿನ ಬಾಗಿಲು ತೆರೆದಿತ್ತು. ಲೇತಿನ ಮುಚ್ಚಳವನ್ನು ಯಾರೋ ಎತ್ತಿ ಮತ್ತೆ ಮೇಲಿಟ್ಟಿದ್ದರು. ಹೂವು ಇರಲಿಲ್ಲ, ಕುಂಕುಮ ಇರಲಿಲ್ಲ. ಸಣ್ಣಮ್ಮಕ್ಕ ಒಂದು ಚೊಂಬು ಹಿಡಿದು ನಿಂತಿದ್ದಳು. ಬೋಲ್ಟಿಲ್ಲದ ನಾಲ್ಕು ಗುಳಿಗಳಿಗೂ ಹರಳೆಣ್ಣೆ ತುಂಬಿ ತುಳುಕುತ್ತಿತ್ತು. ಎಣ್ಣೆ ಲೇತಿನ ಮೈಮೇಲೆಲ್ಲ ಇಳಿದು, ಸಾರಿಸಿದ ನೆಲಕ್ಕೆ ಬಂದು ನಿಂತಿತ್ತು. ಅವಳು ನಿಲ್ಲಿಸದೆ ಹುಯ್ಯುತ್ತಲೇ ಇದ್ದಳು.

ನನ್ನನ್ನು ನೋಡಿ ಗಾಬರಿಯಾಗಲಿಲ್ಲ. "ನಾನು ಮಾದಪ್ಪನ್ಗ ಎಣ್ಣೆ ಮಜ್ಜನ ಅಂತ ಅವನ ಬೆಟ್ಟದ ಗಂಟ ನಡಕಂಡು ಓಗಿ ಎಣ್ಣೆ ಕೊಟ್ಟು ಬತ್ತಿದ್ದಿ ಕಣ ರಾಚಪ್ಪ," ಅಂದಳು. "ಮನೇಲಿದ್ದ ದ್ಯಾವ್ರಿಗ ನಾನೇ ನೀರು ಉಯ್ದಿ. ನನ್ನ ಮಗ ಎಣ್ಣೆ ಆಕಿ ಸಾಕಿದ್ದ. ನಾನು ಜಿಡ್ಡು ಅಂದ್ಕಂಡು ಉಜ್ಜಿ ತಗದ್ಬುಟ್ಟಿ."

ಮಂಜು ಅಂತ ಮತ್ತೆ ಹೇಳಿದೆ. ಅವಳು ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ.

"ಅವಳು ಊವ ಮುಚ್ಚಿಟ್ಕಂಡ್ಲು," ಅಂದಳು. "ನಂಗ ಕಾಣಬಾರ್ದು ಅಂತ. ನಂಗ ಗೊತ್ತು ಅಂತ ಅವಳ್ಗ ಏಳ್ಬ್ಯಾಡ ಕಣಪ್ಪ. ಅವಳು ಮುಚ್ಚಿಟ್ಟದ್ದು ಅಂಗೇ ಇರ್ಲಿ." ಆಮೇಲೆ ಚೊಂಬನ್ನು ನನ್ನ ಕಡೆ ಚಾಚಿದಳು. "ಎಷ್ಟು ಉಯ್ಬೇಕು ಅಂತ ತೋರ್ಸು. ನಂಗ ಗೊತ್ತಾಗ್ದು."

ಇನ್ನು ಎಷ್ಟು ಹುಯ್ದರೂ ಒಂದೇ ಅನ್ನಬೇಕಿತ್ತು. ಜೇಬಿನಿಂದ ಬಟ್ಟೆ ತೆಗೆದು ಎಣ್ಣೆಯಲ್ಲಿ ಅದ್ದಿ ಹಿಂಡಿ ಅವಳ ಕೈಗೆ ಕೊಟ್ಟೆ. ಅವಳ ಕೈ ಹಿಡಿದುಕೊಂಡೇ ಲೇತಿನ ಬೆನ್ನಿನ ಮೇಲೆ ಸವರಿಸಿದೆ. "ಇಷ್ಟೇ ಕಣಕ್ಕ. ವಸಿ ಸಾಕು. ಕೈಗ ಅಂಟೋ ಅಂಗ ಇದ್ರ ಸರಿ." ಅವಳು ಸವರುತ್ತಾ ಹೋದಳು. ಅಳುತ್ತಿದ್ದಳೋ ಇಲ್ಲವೋ ನಾನು ನೋಡಲಿಲ್ಲ, ನನ್ನ ಕಣ್ಣೇ ನೆಟ್ಟಗಿರಲಿಲ್ಲ.

ಹೊರಗೆ ಟೆಂಪೋ ನಿಂತ ಸದ್ದಾಯಿತು. ಸಂಗೀತ ಮಲಗಿದ್ದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಅರಿಶಿನದ ಮಣ್ಣಿನಲ್ಲಿ ಅವಳ ಕೈ ಮೊಣಕೈತನಕ ಹಳದಿಯಾಗಿತ್ತು. ಬಾಗಿಲಲ್ಲೇ ನಿಂತು ನೆಲದ ಎಣ್ಣೆ ನೋಡಿದಳು, ಲೇತು ನೋಡಿದಳು.

"ಯಾರು ಎಣ್ಣೆ ಆಕಿದ್ದು?"

"ನಾನೇ ಕಣವ್ವ," ಅಂದೆ. "ತುಕ್ಕು ಇಡೀಬಾರ್ದಲ್ಲ."

ಅವಳು ಅತ್ತೆಯ ಕೈ ನೋಡಿದಳು. ಎಣ್ಣೆ ಆ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ನನ್ನ ಬೆರಳಿಗಷ್ಟೇ ಜಿಡ್ಡು ಹತ್ತಿತ್ತು.

"ಸಂದಾಗಿ ಆಕಿದ್ದೀರಿ ಮಾವ," ಅಂದಳು. ಕೂಸನ್ನು ನನ್ನ ತೋಳಿಗೆ ಕೊಟ್ಟು, ಅತ್ತೆಯ ಎರಡೂ ಕೈ ಹಿಡಿದು ತನ್ನ ಸೆರಗಿನಲ್ಲಿ ಒರೆಸಿದಳು. ಬೆರಳಬೆರಳ ಸಂದಿಯನ್ನೂ ಬಿಡದೆ ಒರೆಸಿದಳು. ಸೆರಗಿಗೆ ಎಣ್ಣೆ ಹತ್ತಿತು, ಸಣ್ಣಮ್ಮಕ್ಕನ ಕೈಗೆ ಅರಿಶಿನ ಹತ್ತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಮೇಸ್ತ್ರಿ ಇನ್ನೊಂದಾಳು ಬೇಕು ಅಂದ," ಅಂದಳು ಸಂಗೀತ.

"ಬತ್ತಿನಿ," ಅಂದಳು ಸಣ್ಣಮ್ಮಕ್ಕ.

"ಬೆಳಿಗ್ಗೆ ಟೆಂಪೋ ಬಿರ್ನೆ ಬತ್ತದ. ಉಂಡು ಮಲಿಕಳಿ ಅತ್ತೆ."